ಆಕಾಶದಲ್ಲಿ ಕಾಣುವ ಬಿಳಿಯ ಗೆರೆಗಳು

ಹಿಂಗಾರಿ ಬೆಳೆಯು ಹೊಡೆ ತುಂಬಿ ನಿಲ್ಲುವ ಮಾರ್ಗಶಿರ-ಪುಷ್ಯ ಮಾಸಗಳಲ್ಲಿ ಸವದತ್ತಿ ತಾಲೂಕಿನ ಆಕಾಶವು ವರ್ಷದ ಮಿಕ್ಕ ಕಾಲಕ್ಕಿಂತ ಬಹಳ ತಿಳಿಯಾಗಿರುತ್ತದೆ. ಎಳ್ಳು ಅಮಾವಾಸ್ಯೆಯ ದಿವಸ ಚರಗ ಚೆಲ್ಲಲು ಹೊಲಕ್ಕೆ ಹೋದವರೂ, ಬನದ ಹುಣ್ಣಿಮೆಗೆ ಚಕ್ಕಡಿ ಹೂಡಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಬಂದು ಉಗರಗೋಳದ ಸುತ್ತಮುತ್ತ ಬಿಡಾರ ಮಾಡಿದವರೂ ತಲೆಯೆತ್ತಿ ನೋಡಿದರೆ, ಆಗ್ನೇಯ ದಿಕ್ಕಿನಿಂದ ವಾಯವ್ಯದ ಕಡೆಗೆ ಬಳಪದಿಂದ ಎಳೆದಂಥ ಒಂದು ಬಿಳಿಯ ಗೆರೆಯು ಮೂಡುತ್ತ ಹೋಗುವದನ್ನು ಕಾಣಬಹುದು. ಗೆರೆಯ ತುದಿಯಲ್ಲಿ ಸೂಜಿಯ ಮೊನೆಯಷ್ಟು ವಿಮಾನವು ಹೊಳೆಯುತ್ತಿರುತ್ತದೆ. ಕೆಲವು ದಿನ ಗೆರೆಯು ಗೇಣುದ್ದ ಮೂಡಿ ಕೂಡಲೆ ಅಳಿದುಹೋಗುವದು. ಕೆಲವು ದಿನ ಅದು ದಿಗಂತದಿಂದ ದಿಗಂತದ ವರೆಗೆ ನಿಂತು, ಅಗಲವಾಗಿ, ಹಿಂಜಿದ ಅರಳೆಯಂತೆ ಹರಡುವದು. ಮತ್ತೆ ಕೆಲವು ದಿನ ವಿಮಾನವು ಕಣ್ಣಿಗೆ ಕಂಡರೂ ಗೆರೆಯ ಸುಳಿವೇ ಇರುವದಿಲ್ಲ.

ಇದು ಯಾತರಿಂದ ಆಗುವದೆಂದು ಕೇಳಿದರೆ ಹಳ್ಳಿಗಳಲ್ಲಿ ಮೂರು ಬಗೆಯ ಉತ್ತರಗಳು ಕೇಳಬರುವವು. ಇಂಜಿನಿನ ಹೊಗೆ ಎಂಬದು ಒಂದು. ವಿಮಾನದವರು ಏನೋ ಔಷಧಿಯ ಪುಡಿಯನ್ನು ಸುರಿಯುತ್ತಾರೆ, ಬೆಳೆಗೆ ಬರುವ ರೋಗಗಳು ಅದರಿಂದಲೇ ಎಂಬದು ಇನ್ನೊಂದು. ಈ ಗೆರೆಗಳು ಮೋಡವನ್ನು ಒಡೆದು ಮಳೆಯನ್ನು ಓಡಿಸುವವು ಎಂಬದು ಮೂರನೆಯದು. ಮೊದಲನೆಯ ಉತ್ತರದಿಂದ ಯಾರಿಗೂ ನಷ್ಟವಿಲ್ಲ. ಉಳಿದೆರಡು ಹಾಗಲ್ಲ. ಎಲೆಯ ಮೇಲೆ ಕಂಡ ಅಂಟಿಗೆ ಆಕಾಶವೇ ಕಾರಣವೆಂದು ನಂಬಿದ ಒಕ್ಕಲಿಗನು ಎಲೆಯನ್ನು ಮಗುಚಿ ನೋಡುವದಿಲ್ಲ. ಅಷ್ಟರಲ್ಲಿ ಎರಡು ವಾರ ಕಳೆದು ಹೋಗುತ್ತವೆ. ಆದಕಾರಣ ಈ ಗೆರೆಗಳ ವಿಷಯವನ್ನು ಇಲ್ಲಿ ತುಸು ವಿಸ್ತಾರವಾಗಿ ಹೇಳುವದು ಅವಶ್ಯವೆಂದು ತೋರುತ್ತದೆ.

ಗೆರೆಯು ನೀರು, ಇನ್ನೂ ಸರಿಯಾಗಿ ಹೇಳುವದಾದರೆ ನೀರಿನ ಹಿಮಕಣಗಳಿಂದಾದ ಮೋಡ. ವಿಮಾನದ ಎಣ್ಣೆಯು ನಮ್ಮ ಚಿಮಣಿ ಎಣ್ಣೆಯ ಜಾತಿಗೇ ಸೇರಿದ್ದು. ಎಣ್ಣೆಯಲ್ಲಿರುವ ಜಲಜನಕವು ಉರಿಯುವಾಗ ಹವೆಯಲ್ಲಿಯ ಆಮ್ಲಜನಕವನ್ನು ಕೂಡಿಕೊಂಡು ನೀರಿನ ಉಗಿಯಾಗುವದು. ಇದನ್ನು ನಂಬಲು ದೊಡ್ಡ ಪ್ರಯೋಗಶಾಲೆ ಬೇಕಿಲ್ಲ. ಚಳಿಗಾಲದ ಸಂಜೆಯಲ್ಲಿ ಕಂದೀಲು ಹಚ್ಚಿ ತಣ್ಣಗಿನ ಗಾಜನ್ನು ಇಳಿಸಿದ ಕೂಡಲೆ ಗಾಜಿನ ಒಳಮೈ ಒಂದು ಕ್ಷಣ ಮಬ್ಬಾಗುವದನ್ನು ಹಿಂದಿನ ತಲೆಮಾರಿನವರೆಲ್ಲ ಕಂಡಿದ್ದಾರೆ. ಗಾಜು ಕಾದ ಮೇಲೆ ಆ ಮಬ್ಬು ಹಾರಿಹೋಗುತ್ತದೆ. ಅದು ಎಣ್ಣೆಯು ಉರಿದು ಹುಟ್ಟಿದ ನೀರೇ. ಒಂದು ಕಿಲೋ ಎಣ್ಣೆ ಉರಿದರೆ ಸುಮಾರು ಒಂದೂಕಾಲು ಕಿಲೋ ನೀರು ಹುಟ್ಟುವದು. ಹವೆಯಿಂದ ಬಂದ ಆಮ್ಲಜನಕದ ತೂಕವೂ ಸೇರುವದರಿಂದ ನೀರು ಎಣ್ಣೆಗಿಂತ ಹೆಚ್ಚು ತೂಗುತ್ತದೆ. ನೂರೈವತ್ತು-ನೂರೆಂಬತ್ತು ಜನರನ್ನು ಒಯ್ಯುವ ಸಾಮಾನ್ಯ ಜೆಟ್ ವಿಮಾನವು ಮೇಲೆ ಹಾರುತ್ತಿರುವಾಗ ಒಂದು ಕಿಲೋಮೀಟರಿಗೆ ಸುಮಾರು ಮೂರು ಕಿಲೋ ಎಣ್ಣೆಯನ್ನು ಉರಿಸುವದು. ಅಂದರೆ ಒಂದು ಕಿಲೋಮೀಟರು ದಾರಿಯಲ್ಲಿ ಅದು ಬಿಟ್ಟುಹೋಗುವ ನೀರು ಸುಮಾರು ಮೂರೂಮುಕ್ಕಾಲು ಕಿಲೋ ಮಾತ್ರ. ನಾಲ್ಕೈದು ಕಿಲೋಮೀಟರಿಗೆ ಒಂದು ಕೊಡ ನೀರು ಚೆಲ್ಲಿದಂತೆ!

ಇಷ್ಟು ಅಲ್ಪ ನೀರು ಕಣ್ಣಿಗೆ ಕಾಣುವದು ಹೇಗೆ? ಮಾಗಿಯ ಚಳಿಯಲ್ಲಿ ಹೊತ್ತು ಮೂಡುವ ಮುಂಚೆ ಎತ್ತುಗಳನ್ನು ಬಿಟ್ಟುಕೊಂಡು ಹೋಗುವಾಗ ಅವುಗಳ ಮೂಗಿನಿಂದ ಬಿಳಿಯ ಉಗಿ ಹೊರಡುವದು. ಅದೇ ಎತ್ತುಗಳು ಮಧ್ಯಾಹ್ನ ಉಸಿರಾಡುವಾಗ ಏನೂ ಕಾಣುವದಿಲ್ಲ. ತಿಪ್ಪೆಗುಂಡಿಯನ್ನು ಮುಂಜಾನೆ ಕೆದರಿದರೆ ಹೊಗೆಯಾಡುತ್ತದೆ. ರೇಣುಕಾಸಾಗರದ ನೀರಿನ ಮೇಲೆ ಚಳಿಗಾಲದ ಮುಂಜಾವಿನಲ್ಲಿ ಏಳುವ ಮಂಜೂ ಇದೇ ಜಾತಿಯದು. ಈ ಎಲ್ಲ ಸಂಗತಿಗಳಲ್ಲಿ ಬೆಚ್ಚಗಿನ ಹಸಿ ಹವೆಯು ತಣ್ಣಗಿನ ಹವೆಯೊಡನೆ ಬೆರೆಯುತ್ತದೆ. ಬೆರೆತಾಗ ಏನಾಗುವದೆಂಬದನ್ನು ಒಂದು ಲೆಕ್ಕದಿಂದ ತಿಳಿಯಬಹುದು.

ಹವೆಯು ನೀರಿನ ಆವಿಯನ್ನು ಒಂದು ಮಿತಿಯ ವರೆಗೆ ಮಾತ್ರ ಕಣ್ಣಿಗೆ ಕಾಣದಂತೆ ಹಿಡಿದುಕೊಳ್ಳಬಲ್ಲದು. ಈ ಮಿತಿಯು ಉಷ್ಣಮಾನವನ್ನು ಅವಲಂಬಿಸಿದೆ. ಒಂದು ಘನಮೀಟರು ಹವೆಯು 30 ಅಂಶ ಉಷ್ಣಮಾನದಲ್ಲಿ ಸುಮಾರು 30 ಗ್ರಾಮು, 20 ಅಂಶದಲ್ಲಿ 17.3 ಗ್ರಾಮು, 10 ಅಂಶದಲ್ಲಿ 9.4 ಗ್ರಾಮು ಆವಿಯನ್ನು ಹಿಡಿಯುವದು. ಈಗ 30 ಅಂಶದ ಒಂದು ಪಾಲು ಹವೆಯನ್ನೂ 10 ಅಂಶದ ಒಂದು ಪಾಲು ಹವೆಯನ್ನೂ ತೆಗೆದುಕೊಳ್ಳೋಣ; ಎರಡೂ ಶೇಕಡಾ ತೊಂಬತ್ತರಷ್ಟು ಮಾತ್ರ ತುಂಬಿರಲಿ. ಮೊದಲನೆಯದರಲ್ಲಿ 27 ಗ್ರಾಮು, ಎರಡನೆಯದರಲ್ಲಿ 8.5 ಗ್ರಾಮು ಆವಿ. ಎರಡರಲ್ಲಿಯೂ ಮಂಜಿಲ್ಲ. ಇವನ್ನು ಕೂಡಿಸಿದರೆ ಮಿಶ್ರಣದ ಉಷ್ಣಮಾನವು 20 ಅಂಶಕ್ಕೆ ಬರುವದು. ಆವಿಯು ಘನಮೀಟರಿಗೆ 17.7 ಗ್ರಾಮು ಬೀಳುವದು. ಆದರೆ 20 ಅಂಶದ ಹವೆಗೆ 17.3 ಗ್ರಾಮು ಮಾತ್ರ ಸಾಕಾಗುತ್ತದೆ. ಹೆಚ್ಚಾದ 0.4 ಗ್ರಾಮು ನೀರಿನ ಹನಿಗಳಾಗಿ ಕಣ್ಣಿಗೆ ಕಾಣುವದು. ತಿಳಿಯಾದ ಎರಡು ಹವೆಗಳು ಕೂಡಿ ಮೋಡವಾದವು. ವಿಮಾನದ ಹಿಂದೆ ನಡೆಯುವದೂ ಇದೇ. ಅಲ್ಲಿ ಬಿಸಿ ಹವೆಯು ಇಂಜಿನಿನಿಂದ ಬರುತ್ತದೆ, ತಣ್ಣಗಿನ ಹವೆಯು ಬಹಳ ಎತ್ತರದ್ದಾದ್ದರಿಂದ ಅದರ ಶೈತ್ಯಕ್ಕೆ ನಮ್ಮಲ್ಲಿ ಹೋಲಿಕೆಯೇ ಇಲ್ಲ.

ನೆಲದಿಂದ ಮೇಲಕ್ಕೆ ಹೋದಂತೆ ಪ್ರತಿ ಕಿಲೋಮೀಟರಿಗೆ ಸರಾಸರಿ ಆರೂವರೆ ಅಂಶದಷ್ಟು ಉಷ್ಣಮಾನವು ಇಳಿಯುವದು. ಉಗರಗೋಳದಲ್ಲಿ ಬಿಸಿಲು ಚುರುಗುಟ್ಟುತ್ತಿರುವಾಗಲೂ, ನೆತ್ತಿಯ ಮೇಲೆ ಹನ್ನೊಂದು ಕಿಲೋಮೀಟರು ಎತ್ತರದಲ್ಲಿ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ನಾಲ್ವತ್ತಕ್ಕೂ ಹೆಚ್ಚು ಅಂಶ ಕೆಳಗಿನ ಚಳಿ ಇರುತ್ತದೆ. ಅಷ್ಟು ಚಳಿಯ ಹವೆಯು ಒಂದು ಘನಮೀಟರಿಗೆ ಒಂದು ಗ್ರಾಮಿನ ಹತ್ತರಲ್ಲೊಂದು ಪಾಲಿನಷ್ಟು ಆವಿಯನ್ನು ಹಿಡಿಯುವದೂ ಕಷ್ಟ. ಅದರೊಳಗೆ ವಿಮಾನದ ಉಸಿರು ಬೆರೆತ ಕೂಡಲೆ ಆವಿಯು ಹೊಗೆಯ ಸೂಕ್ಷ್ಮ ಮಸಿಕಣಗಳ ಸುತ್ತ ಹನಿಗಟ್ಟಿ, ಆ ಕ್ಷಣದಲ್ಲಿಯೇ ಹಿಮವಾಗುವದು. ಲಕ್ಷ್ಯಗೊಟ್ಟು ನೋಡುವವರಿಗೆ ವಿಮಾನಕ್ಕೂ ಗೆರೆಯ ಮೊದಲಿಗೂ ನಡುವೆ ಸ್ವಲ್ಪ ತೆರವು ಕಾಣುವದು. ಬೆರೆತು ತಣ್ಣಗಾಗಲು ಬೇಕಾದ ಹೊತ್ತೇ ಆ ತೆರವು. ಹೊಗೆಯಾಗಿದ್ದರೆ ಅದು ಇಂಜಿನಿನ ಬಾಯಿಂದಲೇ ಮೊದಲಾಗತಕ್ಕದ್ದು.

ಬೆಳಗಾವಿಯ ಹತ್ತಿರ ಸಾಂಬ್ರಾದಲ್ಲಿಯೂ ಹುಬ್ಬಳ್ಳಿಯಲ್ಲಿಯೂ ಇಳಿಯುವ ಏರುವ ವಿಮಾನಗಳು ನಮ್ಮ ತಲೆಯ ಮೇಲೆ ತೀರ ಕೆಳಗೆ ಹಾಯುತ್ತವೆ. ಅವುಗಳ ಸದ್ದು ಚೆನ್ನಾಗಿ ಕೇಳುವದು, ರೆಕ್ಕೆಗಳೂ ಕಾಣುವವು; ಆದರೆ ಗೆರೆ ಇಲ್ಲ. ಅವೂ ಅದೇ ಎಣ್ಣೆಯನ್ನೇ ಉರಿಸುತ್ತವೆ, ಆದರೆ ಅವು ಹಾರುವ ಹವೆಯು ಗೆರೆ ಕಟ್ಟುವಷ್ಟು ತಣ್ಣಗಿಲ್ಲ. ಗೆರೆ ಬಿಡುವವು ಬೆಂಗಳೂರು-ಮುಂಬಯಿಗಳ ನಡುವೆಯೂ ಅದಕ್ಕಿಂತ ದೂರದ ಊರುಗಳಿಗೂ ಹಾರುವ ದೊಡ್ಡ ವಿಮಾನಗಳು. ನಕ್ಷೆಯ ಮೇಲೆ ಬೆಂಗಳೂರಿನಿಂದ ಮುಂಬಯಿಗೆ ನೇರ ಗೆರೆ ಎಳೆದರೆ ಅದು ಸವದತ್ತಿಯ ಮೂಡಲ ಮಗ್ಗುಲಿಗೇ ಹಾಯುವದು.

ಇನ್ನು ಒಂದೇ ಹೊತ್ತಿನಲ್ಲಿ ಹಾರುವ ಎರಡು ದೊಡ್ಡ ವಿಮಾನಗಳಲ್ಲಿ ಒಂದು ಗೆರೆ ಬಿಟ್ಟು ಇನ್ನೊಂದು ಬಿಡದಿರುವದು ಏಕೆ? ಸಂಶಯ ಹುಟ್ಟಿಸುವ ಸಂಗತಿ ಇದೇ. ಒಂದು ಔಷಧಿ ಸುರಿಯುತ್ತದೆ, ಇನ್ನೊಂದು ಸುರಿಯುವದಿಲ್ಲ ಎಂಬ ಮಾತು ಇಲ್ಲಿಂದಲೇ ಹುಟ್ಟಿರಬೇಕು. ಇದಕ್ಕೆ ಉತ್ತರವು ನಮ್ಮ ದೇಶದ ಹವೆಯಲ್ಲಿದೆ. ಗೆರೆ ಕಟ್ಟಲು ಸೊನ್ನೆಗಿಂತ ಸುಮಾರು ನಾಲ್ವತ್ತರಿಂದ ಐವತ್ತು ಅಂಶ ಕೆಳಗಿನ ಚಳಿ ಬೇಕು. ಹವೆಯು ಒಣಗಿದ್ದಷ್ಟೂ ಹೆಚ್ಚು ಚಳಿ ಬೇಕು. ಯುರೋಪದಂಥ ಶೀತದೇಶಗಳಲ್ಲಿ ವಿಮಾನಗಳು ಹಾರುವ ಎತ್ತರದಲ್ಲಿ ಈ ಚಳಿಯು ಧಾರಾಳವಾಗಿ ದೊರೆಯುವದು. ನಮ್ಮ ಉಷ್ಣವಲಯದಲ್ಲಿ ಹಾಗಲ್ಲ. ಹತ್ತರಿಂದ ಹನ್ನೆರಡು ಕಿಲೋಮೀಟರುಗಳ ನಡುವೆ ಹಾರುವ ನಮ್ಮ ವಿಮಾನಗಳು ಸರಿಯಾಗಿ ಆ ಮಿತಿಯ ಬದುವಿನ ಮೇಲೆ ನಡೆಯುತ್ತವೆ. ವಿಮಾನಗಳನ್ನು ಒಂದರ ಮೇಲೊಂದು ಮುನ್ನೂರು ಮೀಟರುಗಳ ಅಂತರದ ಮಜಲುಗಳಲ್ಲಿ ಹಾರಿಸುವದು ವಾಡಿಕೆ. ಎರಡು ಮಜಲು ಮೇಲಿರುವದು ಬದುವಿನ ಆಚೆ ಬಿದ್ದು ಗೆರೆ ಕಟ್ಟುವದು. ಕೆಳಗಿರುವದು ಈಚೆ ಉಳಿದು ಬರಿದೇ ಹೋಗುವದು. ನೆಲದ ಮೇಲಿರುವ ನಮಗೆ ಎರಡೂ ಒಂದೇ ಎತ್ತರದಲ್ಲಿದ್ದಂತೆ ತೋರುವದು. ಇಂಜಿನುಗಳ ಭೇದವೂ ಸ್ವಲ್ಪ ಕಾರಣವಾಗುತ್ತದೆ: ಎಣ್ಣೆಯನ್ನು ಮಿತವಾಗಿ ಬಳಸುವ ಹೊಸ ಇಂಜಿನುಗಳು ಹೊರಬಿಡುವ ಹವೆಯು ಅಷ್ಟೊಂದು ಬಿಸಿಯಾಗಿರದ ಕಾರಣ, ಅವು ತುಸು ಕಡಿಮೆ ಚಳಿಯಲ್ಲಿಯೂ ಗೆರೆ ಕಟ್ಟಬಲ್ಲವು.

ಗೆರೆಯು ಎಷ್ಟು ಹೊತ್ತು ಬಾಳುವದೆಂಬದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಕೊಡುವದು ಮೇಲಿನ ಹವೆಯ ಹಸಿ. ಅಲ್ಲಿಯ ಹವೆಯು ಒಣಗಿದ್ದರೆ ಹಿಮಕಣಗಳು ಹುಟ್ಟಿದ ಕೆಲವು ಕ್ಷಣಗಳಲ್ಲಿಯೇ ಆವಿಯಾಗುವವು. ಗೆರೆಯು ವಿಮಾನದ ಬಾಲದಂತೆ ಗಿಡ್ಡಾಗಿ ಕಾಣುವದು. ಹವೆಯು ಹಿಮದ ಮಿತಿಯನ್ನು ಮೀರಿ ಹಸಿಯಾಗಿದ್ದರೆ ಕಣಗಳು ಅಳಿಯುವದಿರಲಿ, ಸುತ್ತಣ ಆವಿಯನ್ನು ಹೀರಿ ಬೆಳೆಯುವವು. ಹೀಗೆ ಗಂಟೆಗಟ್ಟಲೆ ನಿಂತು ಹರಡಿದ ಗೆರೆಯಲ್ಲಿರುವ ನೀರಿನಲ್ಲಿ ವಿಮಾನದ ಪಾಲು ಅತ್ಯಲ್ಪ, ಮಿಕ್ಕದ್ದೆಲ್ಲ ಆಕಾಶದ್ದೇ. ವಿಮಾನವು ಹೆಪ್ಪು ಹಾಕಿತು. ಹಾಲು ಮೊದಲೇ ಅಲ್ಲಿತ್ತು.

ಗೆರೆಯ ಆಯುಷ್ಯವನ್ನು ಅಳೆಯುವ ಸುಲಭವಾದ ಒಂದು ಉಪಾಯವಿದೆ. ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ, ನೆತ್ತಿಯ ಮೇಲೆ ಹನ್ನೊಂದು ಕಿಲೋಮೀಟರು ಎತ್ತರದಲ್ಲಿ ಆ ಮುಷ್ಟಿಯು ಸುಮಾರು ಎರಡು ಕಿಲೋಮೀಟರನ್ನು ಮುಚ್ಚುವದು. ಗಂಟೆಗೆ ಎಂಟುನೂರೈವತ್ತು ಕಿಲೋಮೀಟರು ವೇಗದ ವಿಮಾನವು ಈ ದೂರವನ್ನು ಎಂಟು-ಒಂಬತ್ತು ಸೆಕೆಂಡುಗಳಲ್ಲಿ ದಾಟುವದು. ಬಾಲವು ಮೂರು ಮುಷ್ಟಿ ಉದ್ದವಿದ್ದರೆ ಹಿಮಕಣಗಳು ಅರ್ಧ ನಿಮಿಷಕ್ಕೂ ಕಡಿಮೆ ಬಾಳಿದವೆಂದು ತಿಳಿಯತಕ್ಕದ್ದು. ಶಾಲೆಯ ಮಕ್ಕಳಿಗೆ ಇದನ್ನು ಕಲಿಸಿದರೆ ತ್ರಿಕೋಣದ ಲೆಕ್ಕವೂ ಅವರಿಗೆ ಬೇಸರವಾಗಲಿಕ್ಕಿಲ್ಲ.

ಗೆರೆಗಳು ವಿಚಿತ್ರ ರೂಪಗಳನ್ನು ತಾಳುವದುಂಟು. ಇಂಜಿನು ಎರಡಿದ್ದರೆ ಮೊದಲಿಗೆ ಎರಡು ಗೆರೆಗಳು ಮೂಡಿ ಹಿಂದೆ ಒಂದಾಗುವವು. ರೆಕ್ಕೆಗಳ ತುದಿಯಿಂದ ಏಳುವ ಸುಳಿಗಾಳಿಗೆ ಸಿಕ್ಕು ಗೆರೆಯು ಮಣಿಸರದಂತೆ ತುಂಡುತುಂಡಾಗುವದು. ಹವೆಯಲ್ಲಿ ಒಣ ಪಟ್ಟಿಯೊಂದು ಅಡ್ಡ ಬಂದರೆ ಗೆರೆಯು ನಡುವೆ ಕಡಿದು ಮುಂದೆ ಮತ್ತೆ ಮೊದಲಾಗುವದು. ಪೈಲಟನು ಯಾವ ತೂಬನ್ನೂ ಮುಚ್ಚಿ ತೆರೆದುದಲ್ಲ. ಹೊತ್ತು ಮುಳುಗಿದ ಮೇಲೆ ಹೊಲದಲ್ಲಿ ಕತ್ತಲೆಯಾದರೂ ಅಷ್ಟೆತ್ತರದ ಗೆರೆಗೆ ಸೂರ್ಯನ ಕಿರಣಗಳು ತಗಲುತ್ತಲೇ ಇರುವದರಿಂದ ಅದು ಕೆಂಡದಂತೆ ಕೆಂಪಾಗಿ, ಬಾಲಚುಕ್ಕೆಯೋ ಉಲ್ಕೆಯೋ ಎಂಬ ಭ್ರಾಂತಿಯನ್ನು ಹುಟ್ಟಿಸುವದು. ತೆಳ್ಳನೆಯ ಮೋಡದ ಹಾಳೆಯು ಕೆಳಗೆ ಹರಡಿದ್ದರೆ ಗೆರೆಯ ನೆರಳು ಅದರ ಮೇಲೆ ಬಿದ್ದು ಕಪ್ಪು ಗೆರೆಯಾಗಿ ಕಾಣುವದು. ನಮ್ಮ ಕಡೆಗೆ ನೇರವಾಗಿ ಬರುವ ವಿಮಾನದ ಗೆರೆಯಂತೂ ದಿಗಂತದಿಂದ ಮೇಲಕ್ಕೆದ್ದ ಕಂಬದಂತೆಯೇ ತೋರುವದು.

ಮೇಲಿನ ಗಾಳಿಯ ದಿಕ್ಕನ್ನೂ ಗೆರೆಯಿಂದ ತಿಳಿಯಬಹುದು. ಚಳಿಗಾಲದಲ್ಲಿ ನಿಂತ ಗೆರೆಯು ಹೆಚ್ಚಾಗಿ ಮೂಡಲಿಗೆ ಸರಿಯುವದು. ಆದರೆ ಮುಂಗಾರಿನ ನಡುವೆ ಮಳೆಯು ಬಿಡುವು ಕೊಟ್ಟ ದಿನ ನೋಡಿದರೆ ಒಂದು ಸೋಜಿಗ ಕಾಣುವದು: ಕೆಳಗಿನ ಮೋಡಗಳು ಪಡುವಣದಿಂದ ಮೂಡಲಿಗೆ ಓಡುತ್ತಿರುವಾಗ, ಮೇಲಿನ ಗೆರೆಯು ಮೂಡಲಿಂದ ಪಡುವಣಕ್ಕೆ ಸರಿಯುತ್ತಿರುತ್ತದೆ. ಮಳೆಗಾಲದಲ್ಲಿ ದಕ್ಷಿಣ ಭಾರತದ ಮೇಲೆ ಬಹಳ ಎತ್ತರದಲ್ಲಿ ಮೂಡಣ ಗಾಳಿಯ ಪ್ರಬಲ ಪ್ರವಾಹವೊಂದು ಹರಿಯುವದೇ ಇದರ ಕಾರಣ. ಭಾರತದ ಹವಾಮಾನ ಶಾಸ್ತ್ರಜ್ಞರಾದ ಪಿ. ಕೋಟೇಶ್ವರಂ ಅವರು ಈ ಪ್ರವಾಹವನ್ನು 1958ರಲ್ಲಿ ಪ್ರಪಂಚಕ್ಕೆ ವಿವರಿಸಿದರು.

ಈ ಗೆರೆಗಳ ಶಾಸ್ತ್ರವು ಯುದ್ಧದಲ್ಲಿ ಬೆಳೆಯಿತೆಂಬದನ್ನೂ ಹೇಳಬೇಕು. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಹಾಕುವ ವಿಮಾನಗಳು ನೂರಾರು ಕೂಡಿ ಯುರೋಪದ ಮೇಲೆ ಹಾರುವಾಗ ಈ ಗೆರೆಗಳೇ ಅವುಗಳ ಇರವನ್ನು ಶತ್ರುವಿಗೆ ಹೇಳಿಕೊಟ್ಟವು. ಯಾವ ಎತ್ತರದಲ್ಲಿ ಹಾರಿದರೆ ಗೆರೆ ಬೀಳದು ಎಂಬದು ಪ್ರಾಣದ ಪ್ರಶ್ನೆಯಾಯಿತು. ಜರ್ಮನಿಯ ಅರ್ನ್ಸ್ಟ್ ಶ್ಮಿಟ್ 1941ರಲ್ಲಿಯೂ, ಅಮೆರಿಕೆಯ ಹರ್ಬರ್ಟ್ ಆಪಲ್‌ಮನ್ 1953ರಲ್ಲಿಯೂ ಪ್ರಕಟಿಸಿದ ಲೆಕ್ಕವು ಇಂದಿಗೂ ಅವರ ಹೆಸರಿನಲ್ಲಿಯೇ ಬಳಕೆಯಲ್ಲಿದೆ. ಅದು ಮೇಲೆ ಹೇಳಿದ ಮಿಶ್ರಣದ ಲೆಕ್ಕವೇ.

ಈಗ ಮಳೆಯ ಮಾತು. ಗೆರೆಗಳು ಮಳೆಯನ್ನು ಓಡಿಸುವವೆಂಬ ಮಾತು ನಿಜವಾಗಿದ್ದರೆ, ವಿಮಾನಗಳು ಹೆಚ್ಚಿದ ವರ್ಷಗಳಲ್ಲಿ ಬರವೂ ಕಡಿಮೆಯಾದ ವರ್ಷಗಳಲ್ಲಿ ಸುಗ್ಗಿಯೂ ಬರತಕ್ಕದ್ದು. ಮನುಷ್ಯನು ಇಂಜಿನಿನ ವಿಮಾನದಲ್ಲಿ ಮೊದಲು ಹಾರಿದ್ದು 1903ರಲ್ಲಿ. ಬೆಳಗಾವಿ-ಧಾರವಾಡ ಸೀಮೆಗಳನ್ನು ಬರಿದು ಮಾಡಿದ ಭೀಕರ ಬರವು 1876-78ರದು. ಇತ್ತೀಚಿನ ಮಾತಾದರೆ, 2019ರಲ್ಲಿ ವಿಮಾನಗಳು ಎಂದಿನಂತೆ ಹಾರುತ್ತಿದ್ದವು. ಆ ವರ್ಷದ ಆಗಸ್ಟದಲ್ಲಿ ಮಲಪ್ರಭೆಯು ಉಕ್ಕಿ ರಾಮದುರ್ಗ ತಾಲೂಕಿನ ಹಳ್ಳಿಗಳನ್ನು ಮುಳುಗಿಸಿದಳು. 2020ರಲ್ಲಿ ಸಾಂಕ್ರಾಮಿಕದ ನಿಮಿತ್ತ ಮಾರ್ಚ 25ರಿಂದ ಮೇ 25ರ ವರೆಗೆ ದೇಶದೊಳಗಿನ ಪ್ರಯಾಣಿಕ ವಿಮಾನಗಳೇ ನಿಂತಿದ್ದವು, ಅನಂತರವೂ ಬಹುಕಾಲ ವಿರಳವಾಗಿದ್ದವು. ಆ ವರ್ಷದ ಮುಂಗಾರು ದೇಶದಲ್ಲಿ ಸರಾಸರಿಯ ಶೇಕಡಾ 109 ಆಯಿತು. ಅದರ ಹಿಂದಿನ 2019ರಲ್ಲಿಯೂ ಶೇಕಡಾ 110 ಆಗಿತ್ತು. 2023ರಲ್ಲಿ ಮಳೆ ಕೈಕೊಟ್ಟು ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಮರುವರ್ಷ ವಿಮಾನಗಳೇನೂ ಕಡಿಮೆಯಾಗಲಿಲ್ಲ, ಆದರೆ ಮುಂಗಾರು ಶೇಕಡಾ 108ಕ್ಕೆ ಏರಿತು. ಇವೆರಡನ್ನು ಒಂದೇ ನೊಗಕ್ಕೆ ಕಟ್ಟಲು ಬರುವದಿಲ್ಲ.

ನೀರಿನ ಅಳತೆಯಿಂದಲೂ ಇದು ತಿಳಿಯುವದು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ಮಳೆಯಾಯಿತೆಂದರೆ ನಾಲ್ಕು ಸಾವಿರ ಲೀಟರು ನೀರು ಬಿದ್ದಿತೆಂದು ಅರ್ಥ. ವಿಮಾನವೊಂದು ಬೆಂಗಳೂರಿನಿಂದ ಮುಂಬಯಿಯ ವರೆಗೆ ಹಾರಿ ಆಕಾಶಕ್ಕೆ ಬಿಡುವ ನೀರೆಲ್ಲ ಕೂಡಿದರೂ ಇಷ್ಟಾಗುವದಿಲ್ಲ. ನಮ್ಮ ಸೀಮೆಗೆ ಮಳೆ ಕಡಿಮೆಯಾಗಲು ಕಾರಣವು ಪಡುವಣದಲ್ಲಿ ನಿಂತಿರುವ ಸಹ್ಯಾದ್ರಿಯೇ. ಮಲಪ್ರಭೆ ಹುಟ್ಟುವ ಖಾನಾಪುರ ತಾಲೂಕಿನ ಕಣಕುಂಬಿಯು ಸವದತ್ತಿಯಿಂದ ನೇರವಾಗಿ ನೂರು ಕಿಲೋಮೀಟರು ಮಾತ್ರ. ಅಲ್ಲಿ ಬೀಳುವ ಮಳೆಯು ಇಲ್ಲಿಯದರ ಹಲವು ಪಟ್ಟು. ಘಟ್ಟವನ್ನು ಹತ್ತುವಾಗ ನೀರನ್ನೆಲ್ಲ ಸುರಿದುಬಿಟ್ಟ ಗಾಳಿಯು ಇಳಿದು ಬೆಚ್ಚಗಾಗಿ ನಮ್ಮ ಎರೆಹೊಲಗಳ ಮೇಲೆ ಒಣಗಿ ಬೀಸುತ್ತದೆ.

ಮಳೆಗಾಗಿಯೇ ಹಾರಿಸಿದ ವಿಮಾನಗಳೂ ಉಂಟು, ಮತ್ತು ಜನರಲ್ಲಿ ಗೊಂದಲಕ್ಕೆ ಇದೂ ಒಂದು ಕಾರಣ. ಬೆಳ್ಳಿಯ ಅಯೋಡೈಡೆಂಬ ಪದಾರ್ಥದ ಕಣಗಳು ಹಿಮ ಕಟ್ಟಲು ಬೀಜವಾಗುವವೆಂದು ಅಮೆರಿಕೆಯಲ್ಲಿ 1946ರಲ್ಲಿ ಕಂಡುಹಿಡಿದರು. ಕರ್ನಾಟಕ ಸರಕಾರವು 2003ರಲ್ಲಿ 'ವರುಣ' ಎಂಬ ಹೆಸರಿನಿಂದಲೂ 2017ರಲ್ಲಿ 'ವರ್ಷಧಾರೆ' ಎಂಬ ಹೆಸರಿನಿಂದಲೂ ಮೋಡಬಿತ್ತನೆಯನ್ನು ಮಾಡಿಸಿತು. ನಮ್ಮ ನೆರೆಯ ಸೋಲಾಪುರದಲ್ಲಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2018 ಮತ್ತು 2019ರ ಮಳೆಗಾಲಗಳಲ್ಲಿ ಶಾಸ್ತ್ರೀಯವಾದ ಪರೀಕ್ಷೆ ನಡೆಸಿ, ಬಿತ್ತಿದ ಸ್ಥಳದಿಂದ ಗಾಳಿ ಹೋಗುವ ಕಡೆಗೆ ನೂರು ಚದರ ಕಿಲೋಮೀಟರುಗಳಲ್ಲಿ ಮಳೆಯು ಸರಾಸರಿ ಶೇಕಡಾ ಹದಿನೆಂಟರಷ್ಟು ಹೆಚ್ಚಿತೆಂದು ಕಂಡರು. ಆದರೆ ಬಿತ್ತಲು ಹದವಾದ ಮೋಡವು ಮೊದಲೇ ಇರಬೇಕು; ತಿಳಿ ಆಕಾಶದಲ್ಲಿ ಬಿತ್ತಿ ಫಲವಿಲ್ಲ. ಅಂಥ ಸಣ್ಣ ವಿಮಾನಗಳು ಮೋಡದ ಬುಡದಲ್ಲಿಯೋ ಒಡಲಲ್ಲಿಯೋ ಹಾರುವವು. ಚಳಿಗಾಲದ ನೀಲಿ ಆಕಾಶದಲ್ಲಿ ಉದ್ದ ಗೆರೆ ಎಳೆಯುವದು ಅವುಗಳ ಕೆಲಸವಲ್ಲ.

ಹಾಗಾದರೆ ಗೆರೆಗಳಿಂದ ಕೇಡೇ ಇಲ್ಲವೇ? ಇದೆ, ಆದರೆ ಅದು ಬೇರೆ ಬಗೆಯದು. ಹರಡಿ ನಿಂತ ಗೆರೆಯು ಭೂಮಿಯಿಂದ ಮೇಲಕ್ಕೇಳುವ ಶಾಖವನ್ನು ಕಂಬಳಿಯಂತೆ ತಡೆಯುವದು. ಮನುಷ್ಯನಿಂದ ಭೂಮಿಯ ಉಷ್ಣಮಾನಕ್ಕಾದ ಏರಿಕೆಯಲ್ಲಿ ವಿಮಾನಗಳ ಪಾಲು ನೂರಕ್ಕೆ ಸುಮಾರು ಮೂರೂವರೆ ಎಂದೂ, ಆ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಗೆರೆಗಳದ್ದೇ ಹೆಚ್ಚೆಂದೂ ಶಾಸ್ತ್ರಜ್ಞರ ಅಂದಾಜು. ಅಮೆರಿಕೆಯಲ್ಲಿ 2001ರ ಸಪ್ಟಂಬರ 11ರ ತರುವಾಯ ಮೂರು ದಿವಸ ವಿಮಾನಗಳು ನಿಂತಾಗ ಹಗಲಿರುಳುಗಳ ಉಷ್ಣಮಾನದ ಅಂತರವು ಸುಮಾರು ಒಂದು ಅಂಶ ಹೆಚ್ಚಿತೆಂದು ಕೆಲವರು ಬರೆದರು. ಅದು ಆ ದಿನಗಳ ತಿಳಿ ಹವೆಯ ಪರಿಣಾಮವೆಂದು ಬೇರೆಯವರು ವಾದಿಸಿದರು. ಹಸಿ ಹವೆಯ ಮಜಲನ್ನು ತಪ್ಪಿಸಿ ವಿಮಾನವನ್ನು ಸ್ವಲ್ಪ ಮೇಲೆ ಕೆಳಗೆ ಹಾರಿಸಿದರೆ ನಿಲ್ಲುವ ಗೆರೆಗಳು ಬಹುಮಟ್ಟಿಗೆ ಕಡಿಮೆಯಾಗುವವೋ ಎಂಬ ಪ್ರಯೋಗಗಳು ನಡೆದಿವೆ. ಇದು ಇಡೀ ಪ್ರಪಂಚದ ಲೆಕ್ಕ. ಉಗರಗೋಳದ ಒಂದು ಹೊಲದ ಮೇಲೆ ಒಂದು ತಾಸು ನಿಂತ ಗೆರೆಯಿಂದ ಆ ಹೊಲದ ಬೆಳೆಗೆ ಅಳೆಯುವಂಥ ಭೇದವಾಗದು.

ಕೊನೆಗೆ ಪುಡಿಯ ಮಾತು ಉಳಿಯಿತು. ಬೆಳೆಗೆ ಔಷಧಿ ಹೊಡೆಯುವ ಯಾವ ಯಂತ್ರವಾದರೂ, ಈಗಿನ ಡ್ರೋನವೂ ಸಹ, ಪೈರಿನ ತಲೆಯ ಮೇಲೆ ಕೆಲವೇ ಮೀಟರು ಎತ್ತರದಲ್ಲಿ ಹಾರುವದು. ಇನ್ನೂ ಮೇಲೇರಿದರೆ ಗಾಳಿಯು ಔಷಧಿಯನ್ನು ನೆರೆಹೊಲಕ್ಕೆ ಒಯ್ಯುವದು. ಹೀಗಿರುವಾಗ ಹತ್ತು ಕಿಲೋಮೀಟರು ಮೇಲಿಂದ ಸುರಿದದ್ದು ಎಲ್ಲಿ ಬಿದ್ದೀತು? ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲು ದಪ್ಪದ ಕಣವು ನಿಶ್ಚಲ ಹವೆಯಲ್ಲಿ ಒಂದು ಸೆಕೆಂಡಿಗೆ ಮೂರು ಮಿಲಿಮೀಟರಿನಂತೆ ಇಳಿಯುವದು. ದಿವಸಕ್ಕೆ ಇನ್ನೂರರವತ್ತು ಮೀಟರು. ಹತ್ತು ಕಿಲೋಮೀಟರು ಇಳಿಯಲು ಒಂದು ತಿಂಗಳ ಮೇಲೆ ಎಂಟು ದಿವಸ ಬೇಕು. ಅಷ್ಟರಲ್ಲಿ ಮೇಲಿನ ಗಾಳಿಯು ಅದನ್ನು ಸಮುದ್ರಗಳಾಚೆ ಹೊತ್ತೊಯ್ದಿರುತ್ತದೆ. ನಮ್ಮ ಹೊಲದ ಮೇಲೆ ಗೆರೆ ಮೂಡಿದ ಮರುದಿನ ನಮ್ಮ ಎಲೆಯ ಮೇಲೆ ಕಂಡ ಪದಾರ್ಥವು ಆ ಗೆರೆಯದಾಗಲು ಶಕ್ಯವಿಲ್ಲ.

ಆದರೆ ಎಲೆಯ ಮೇಲೆ ಏನೋ ಇರುವದಂತೂ ನಿಜ. ಹೆಸರು, ಉದ್ದು, ಬಟಾಣಿಗಳ ಎಲೆಯ ಮೇಲೆ ಬೂದಿ ಎರಚಿದಂತೆ ಕಾಣುವದು ಬೂದಿರೋಗವೆಂಬ ಶಿಲೀಂಧ್ರ. ಮುಂಜಾನೆ ಪೈರಿನ ಮೇಲೆಲ್ಲ ಹೊಳೆಯುವ ಬಿಳಿಯ ಎಳೆಗಳು ಗಾಳಿಯಲ್ಲಿ ತೇಲಿಬಂದ ಮರಿಜೇಡಗಳ ನೂಲು. ಜೇಡವು ಕೀಟಗಳನ್ನು ತಿನ್ನುವದಾದ್ದರಿಂದ ಅದನ್ನು ಕಂಡು ಹೆದರಬೇಕಾಗಿಲ್ಲ. ನಮ್ಮ ಸೀಮೆಯಲ್ಲಿ ಹೆಚ್ಚಿನ ನಷ್ಟ ಮಾಡುವದು ಬಿಳಿಜೋಳದ ಸಸ್ಯಹೇನು. ಮಾಲದಂಡಿ ಜೋಳವು ಹೊಡೆ ಹಾಯುವ ಹೊತ್ತಿಗೆ, ಚಳಿಯೊಡನೆ ಎರಡು-ಮೂರು ದಿನ ಮೋಡ ಕವಿದ ಹವೆ ಬಂದರೆ, ಈ ಹೇನುಗಳು ಕೆಳಗಿನ ಎಲೆಗಳ ಹಿಂಬದಿಯಲ್ಲಿ ಒತ್ತಾಗಿ ಕೂತು ರಸ ಹೀರುವವು. ಅವು ವಿಸರ್ಜಿಸುವ ಸಿಹಿ ಅಂಟು ಕೆಳಗಿನ ಎಲೆಯ ಮೇಲ್ಬದಿಗೆ ಬಿದ್ದು ಬೆಲ್ಲದ ಪಾಕದಂತೆ ಹೊಳೆಯುವದು. ಅಂಟು ಎಲೆಯ ಮೇಲ್ಮೈಗೆ ಬಿದ್ದದ್ದರಿಂದಲೇ ಆಕಾಶದಿಂದ ಬಿತ್ತೆಂದು ಜನರಿಗೆ ತೋರುವದು ಸಹಜ. ಬಿದ್ದದ್ದು ಒಂದು ಎಲೆ ಮೇಲಿಂದ. ಕೆಲವು ದಿನಗಳಲ್ಲಿ ಅಂಟಿನ ಮೇಲೆ ಕರಿಯ ಬೂಸ್ಟು ಬೆಳೆದು ಎಲೆಗೆ ಬೆಳಕು ತಪ್ಪುವದು, ಕಾಳು ಜೊಳ್ಳಾಗುವದು, ಕಣಿಕೆಯ ಮೇವಿನ ಗುಣವೂ ಕೆಡುವದು.

ಆದುದರಿಂದ ಪುಷ್ಯಮಾಸದಲ್ಲಿ ವಾರಕ್ಕೊಮ್ಮೆಯಾದರೂ ಹೊಲದ ನಾಲ್ಕು ಮೂಲೆಗಳಲ್ಲಿಯೂ ನಡುವಿನಲ್ಲಿಯೂ ಹತ್ತು ಹತ್ತು ದಂಟುಗಳ ಕೆಳ ಎಲೆಗಳನ್ನು ಮಗುಚಿ ನೋಡತಕ್ಕದ್ದು. ಹೇನುಗಳ ನಡುವೆ ಕೆಂಪು ಮೈಮೇಲೆ ಕರಿ ಚುಕ್ಕೆಗಳ ಗುಲಗಂಜಿ ಹುಳಗಳೂ ಅವುಗಳ ಮರಿಗಳೂ ಹೇರಳವಾಗಿ ಕಂಡರೆ ಔಷಧಿಗೆ ಅವಸರ ಮಾಡಬಾರದು. ಅವು ಹೇನುಗಳನ್ನೇ ತಿಂದು ಬದುಕುವವು, ಔಷಧಿಯು ಮೊದಲು ಅವುಗಳನ್ನೇ ಕೊಲ್ಲುವದು. ಗುಲಗಂಜಿ ಹುಳ ವಿರಳವಾಗಿದ್ದು ಹೇನು ದಿನೇದಿನೇ ಮೇಲಿನ ಎಲೆಗಳಿಗೆ ಏರುತ್ತಿದ್ದರೆ, ಅಂಥ ಎಲೆಯೊಂದನ್ನು ಕಿತ್ತು ಕಾಗದದಲ್ಲಿ ಸುತ್ತಿ, ಬಾಡುವದಕ್ಕೆ ಮುಂಚೆ ಅದೇ ದಿವಸ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ತಂದು ತೋರಿಸತಕ್ಕದ್ದು.